ಶೆಟ್ಟಿಹಳ್ಳಿ ಚರ್ಚು ಮತ್ತು "ಕಾಲನ ಹೊಡೆತ"

ಹಾಸನದ ಹತ್ತಿರದ ಶೆಟ್ಟಿಹಳ್ಳಿಯ ರೋಸರಿ ಚರ್ಚಿನ ಫೋಟೋ ಹಾಕದ ಬ್ಲಾಗಿಗರು ನಮ್ಮಲ್ಲಿ ಕಡಿಮೆ :) ಮಳೆಗಾಲದಲ್ಲಿ ನೀರೊಳಗೆ ಅರ್ಧ ಮುಳುಗಿದ ಕಮಾನು, ಬೇಸಿಗೆಯಲ್ಲಿ ಒಣನೆಲದ ಮೇಲೆ ನಿಂತ ಬೋಳುಗೋಡೆ. ಕೆಳಗೊಂದು ಸಾಲು: "ಕಾಲನ ಹೊಡೆತಕ್ಕೆ ಸಿಕ್ಕ ಚರ್ಚು". ನನ್ನ ತಕರಾರು ಇರೋದು ಈ ಸಾಲಿನ ಮೇಲೆ.

ರಾಸಾಯನಿಕ ಕ್ರಿಯೆಯ ವೇಗ ಯಾವುದರ ಮೇಲೆ ನಿಂತಿದೆ ಅಂತ ಪಿಯುಸಿಯಲ್ಲಿ ಉರು ಹೊಡೆದದ್ದು ನೆನಪಿದೆಯಲ್ಲ? ಸಾರತೆ, ಉಷ್ಣತೆ, ಮೇಲ್ಮೈ ವಿಸ್ತೀರ್ಣ, ಕ್ರಿಯಾವರ್ಧಕ... ಆ ಪಟ್ಟಿಯಲ್ಲಿ "ಕಾಲ" ಇಲ್ಲವೇ ಇಲ್ಲ!

1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಈ ಚರ್ಚು ಇಟ್ಟಿಗೆ ಮತ್ತು ಸುಣ್ಣದ ಗಾರೆಯದು. ಅರಳಿಸಿದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಸುಣ್ಣಕಲ್ಲಾಗುತ್ತದೆ. ಗಾಳಿಯಲ್ಲಿ ಆ ಅನಿಲ ಇರುವುದು ಶೇ. 0.04ರಷ್ಟು ಮಾತ್ರ, ಅದೂ ಗಾರೆಯ ಹೊರಮೈಯಿಂದ ನಿಧಾನವಾಗಿ ಒಳಗೆ ಇಳಿಯಬೇಕು. ಹಾಗಾಗಿ ದಪ್ಪ ಗೋಡೆ ಪೂರ್ತಿ ಗಟ್ಟಿಯಾಗಲು ವರ್ಷಗಟ್ಟಲೆ ಬೇಕು.

ಕರಗುವುದೂ ಇದೇ ಲೆಕ್ಕ. ಇಂಗಾಲದ ಡೈಆಕ್ಸೈಡ್ ಕರಗಿದ ನೀರು ಸೌಮ್ಯ ಆಮ್ಲ, ಅದು ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ಕರಗಿಸುತ್ತದೆ. ಗಿಲಾವು ಇರುವ ತನಕ ನೀರಿಗೆ ಸಿಗುವುದು ಹೊರಮೈ ಮಾತ್ರ. ಗಿಲಾವು ಉದುರಿ ಬಿರುಕು ಬಿಟ್ಟರೆ ಮೇಲ್ಮೈ ಹತ್ತಾರು ಪಟ್ಟು ಹೆಚ್ಚಿತು, ವೇಗವೂ ಹೆಚ್ಚಿತು. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದ ಮೇಲೆ ವರ್ಷವರ್ಷ ನೆನೆಯುವುದು, ಒಣಗುವುದು ಬೇರೆ. ಬಿರುಕಲ್ಲಿ ಬೇರೂರಿದ ಗಿಡ, ಫೋಟೋಗೆಂದು ಗೋಡೆ ಹತ್ತುವ ನಾವು... ಎಲ್ಲರೂ ಹೊಸ ಮೇಲ್ಮೈ ತೆರೆದುಕೊಡುವವರೇ.

ಜಲಾಶಯ ಬರಿದು ಮಾಡಿ ಅಂತ ನಾನು ಹೇಳುತ್ತಿಲ್ಲ, ರೈತರಿಗೆ ಆ ನೀರು ಬೇಕು. ಆದರೆ ವೇಗ ತಗ್ಗಿಸಬಹುದಲ್ಲ? ಬೇಸಿಗೆಯಲ್ಲಿ ನೀರು ಇಳಿದಾಗ ಗಿಡ ಕಿತ್ತು, ಬಿರುಕಿಗೆ ಸುಣ್ಣದ ಗಾರೆಯನ್ನೇ ತುಂಬಿ, ಗೋಡೆಯ ನೆತ್ತಿ ಮುಚ್ಚಬಹುದು. ದಯವಿಟ್ಟು ಸಿಮೆಂಟು ಮಾತ್ರ ಬೇಡ! ಅದು ತೇವವನ್ನು ಒಳಗೇ ಕಟ್ಟಿಹಾಕುತ್ತದೆ, ಪಕ್ಕದ ಮೆತ್ತನೆ ಇಟ್ಟಿಗೆ ಪುಡಿಯಾಗುತ್ತದೆ.

"ಕಾಲ" ಅಂದುಬಿಟ್ಟರೆ ಯಾರೂ ಹೊಣೆಯಲ್ಲ. "ವೇಗ" ಅಂದರೆ ಕಾರಣ ಹುಡುಕಬೇಕಾಗುತ್ತದೆ, ಕೈ ಹಚ್ಚಬೇಕಾಗುತ್ತದೆ. ಮುಂದಿನ ಸಲ ಫೋಟೋ ಹಾಕುವಾಗ ಆ ಸಾಲು ಬದಲಿಸೋಣ.

ಏನಂತೀರಿ?