ಅಜ್ಜಿಯ ಸೀರೆ, ಲೀಡ್ಸ್‌ನ ಕೌದಿ

ಚಾರಿಟಿ ಅಂಗಡಿಗೆ ಕೊಡಲೆಂದು ಚೀಲ ಕಟ್ಟಿಟ್ಟಿದ್ದೀರಾ? ಒಮ್ಮೆ ಬಿಚ್ಚಿ ನೋಡಿ. ನಮ್ಮ ಚೀಲದಲ್ಲಿ ನನ್ನ ಅಮ್ಮನ ಎರಡು ಹತ್ತಿ ಸೀರೆಗಳಿದ್ದವು. ಅಂಚು ಹರಿದಿತ್ತು, ಉಡುವಂತಿರಲಿಲ್ಲ. ಅಮ್ಮ ಹೋಗಿ ಮೂರು ವರ್ಷವಾಯಿತು. ಒಂಬತ್ತು ವರ್ಷದ ನನ್ನ ಮಗಳಿಗೆ ಅಜ್ಜಿ ಎಂದರೆ ಫೋನಿನಲ್ಲಿ ಕಂಡ ಮುಖ, 'ಊಟ ಆತೇನ?' ಎಂಬ ಒಂದು ಪ್ರಶ್ನೆ, ಅಷ್ಟೇ.

ನಮ್ಮ ಧಾರವಾಡದ ಕಡೆ ಇಂಥ ಸೀರೆ ಎಸೆಯುವುದಿಲ್ಲ, ಕೌದಿ ಹೊಲಿಯುತ್ತಾರೆ. ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರು ಹೊಲಿಯುವ ಕವಂದಿ ಇನ್ನೂ ಚೆಂದ. ಹಳೇ ಸೀರೆ ಹಾಸಿ, ಅದರ ಮೇಲೆ ಬಟ್ಟೆ ಚೂರುಗಳನ್ನಿಟ್ಟು, ಒಂದು ಮೂಲೆಯಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ತ್ರಿಕೋನವಾಗಿ ಮಡಿಸಿದ ಚೂರುಗಳು. ಅವಕ್ಕೆ 'ಫೂಲ' ಎನ್ನುತ್ತಾರೆ.

ಇದೆಲ್ಲ ಈ ಊರಿಗೆ ಹೊಸದೇನಲ್ಲ. ಲೀಡ್ಸ್ ಪಕ್ಕದ ಬ್ಯಾಟ್ಲಿಯಲ್ಲಿ 1813ರಲ್ಲಿ ಬೆಂಜಮಿನ್ ಲಾ ಎಂಬಾತ ಹಳೇ ಉಣ್ಣೆ ಬಟ್ಟೆಯನ್ನು ಎಳೆ ಎಳೆಯಾಗಿ ಬಿಡಿಸಿ, ಹೊಸ ಉಣ್ಣೆ ಬೆರೆಸಿ ಮತ್ತೆ ನೂತ. ಅದೇ 'ಶಾಡಿ'. ಕಳಪೆ ಮಾಲಿಗೆ ಇಂಗ್ಲಿಷಿನವರು ಇವತ್ತಿಗೂ ಬಳಸುವ ಬೈಗುಳ ಹುಟ್ಟಿದ್ದು ಆ ಬಟ್ಟೆಯಿಂದಲೇ. ಪಾಪ, ಎಷ್ಟೋ ಮನೆಗಳಿಗೆ ಅನ್ನ ಕೊಟ್ಟ ಬಟ್ಟೆ ಅದು. ಇಲ್ಲಿನ ಅಜ್ಜಿಯರು ಗೋಣಿತಟ್ಟಿಗೆ ಹಳೇ ಕೋಟಿನ ಚೂರು ಚುಚ್ಚಿ ಒಲೆಯ ಮುಂದೆ ಹಾಸಲು ರಗ್ ಮಾಡುತ್ತಿದ್ದರು. ನಿಮ್ಮ ಪಕ್ಕದ ಮನೆಯ ಹಿರಿಯರನ್ನು ಕೇಳಿ, ನೆನಪಿದ್ದೀತು.

ನೀವೂ ಹೊಲಿಯುವುದಾದರೆ ಹತ್ತಿಯ ಜೊತೆ ಹತ್ತಿಯನ್ನೇ ಸೇರಿಸಿ. ನಾನು ಆಸೆಪಟ್ಟು ರೇಷ್ಮೆ ಚೂರೊಂದನ್ನು ಇಟ್ಟೆ. ಜಾರಿ ಜಾರಿ ಇಡೀ ಸಾಲು ಸೊಟ್ಟಗಾಯಿತು. ಅಡಿಗೆ ಚಾರಿಟಿ ಅಂಗಡಿಯ ಹಳೇ ಡುವೆ ಕವರ್ ಸಾಕು, ಲೇಬಲ್ಲಿನಲ್ಲಿ ಕಾಟನ್ ಎಂದಿರಲಿ. ಎಲ್ಲವನ್ನೂ ಮೊದಲು ಒಗೆದುಕೊಳ್ಳಿ. ವರ್ಷ ತುಂಬದ ಕೂಸಿಗೆ ಮಾತ್ರ ಕೌದಿ ಹೊದಿಸಿ ಮಲಗಿಸಬೇಡಿ.

ಸೂಜಿ ಕೈಯಲ್ಲಿರುವಷ್ಟು ಹೊತ್ತು ಕನ್ನಡವೇ ಆಡಬೇಕೆಂದು ಮಗಳಿಗೆ ಹೇಳಿದ್ದೆ. ಎರಡು ಭಾನುವಾರ ಅವಳು ಬಾಯಿಯೇ ಬಿಡಲಿಲ್ಲ. ನನಗೂ ಬೇಜಾರಾಗಿ ಆ ನಿಯಮ ಕೈಬಿಟ್ಟೆ. ಮೂರನೇ ವಾರ ಸೆರಗಿಗೆ ಕತ್ತರಿ ಇಡಲಾಗದೆ ಸುಮ್ಮನೆ ಕೂತಿದ್ದಾಗ ಅವಳೇ ಕೇಳಿದಳು: "ಅಮ್ಮ, ಈ ಯೆಲ್ಲೋ ಏನು?"

ಅರಿಶಿನದ ಕಲೆ. ಅಜ್ಜಿ ಒಗ್ಗರಣೆ ಹಾಕಿದ ಕೈಯನ್ನು ಸೆರಗಿಗೆ ಒರೆಸುತ್ತಿದ್ದಳೆಂದೆ. ಒಗ್ಗರಣೆ ಎಂದರೇನು, ಅಜ್ಜಿಗೆ ಯಾರೂ ಬೈಯುತ್ತಿರಲಿಲ್ಲವೇ, ಅಜ್ಜಿ ಹೊಲಿಯುತ್ತಿದ್ದಳೇ? ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಸಂಜೆಯವರೆಗೆ ಪ್ರಶ್ನೆಗಳು. ಕೊನೆಗೆ, "ಅದು ಕಟ್ ಮಾಡಬೇಡ, ನಡುವೆ ಇಡು" ಎಂದಳು.

ಕೌದಿ ಇನ್ನೂ ಅರ್ಧ ಬಾಕಿ ಇದೆ. ದಾರ ಪೋಣಿಸುವ ಕೆಲಸ ಮಗಳದ್ದು. ಸೂಜಿಯ ಕಣ್ಣು ಈಗ ನನಗೆ ಕಾಣುವುದಿಲ್ಲ.