ನೀರಿಗಂಜಿದ ಹುಡುಗ

ಬಾಲ್ಯದಲ್ಲಿ ನೀರನ್ನು ಕಂಡರೆ ಹೆದರುತ್ತಿದ್ದವನೊಬ್ಬನು ಮುಂದೆ ಈಜಿನಲ್ಲಿ ಜಗದ್ವಿಖ್ಯಾತನಾದನೆಂದರೆ ವಾಚಕರು ನಗಬಹುದು. ಆಲ್‌ಫ್ರೆಡ್ ನಕಾಶ್ ಎಂಬ ಈ ಯೆಹೂದ್ಯನು 1915ರಲ್ಲಿ, ಫ್ರೆಂಚರ ಆಳ್ವಿಕೆಯಲ್ಲಿದ್ದ ಅಲ್ಜೀರಿಯದಲ್ಲಿ ಜನಿಸಿದನು. 1936ರಲ್ಲಿ ಹಿಟ್ಲರನ ರಾಜಧಾನಿಯಲ್ಲೇ ನಡೆದ ಒಲಿಂಪಿಕ್ ಪಂದ್ಯದಲ್ಲಿ ಅವನಿದ್ದ ಫ್ರೆಂಚ್ ತಂಡವು ಜರ್ಮನರನ್ನು ಹಿಂದಿಕ್ಕಿ ನಾಲ್ಕನೆಯದಾಯಿತು.

1940ರಲ್ಲಿ ಫ್ರಾನ್ಸು ಸೋತಿತು. ಯೆಹೂದ್ಯನೆಂಬ ಕಾರಣಕ್ಕೆ ಅವನ ಪೌರತ್ವವೂ ಉಪಾಧ್ಯಾಯ ವೃತ್ತಿಯೂ ಹೋದುವು. ಆದರೂ 1941ರಲ್ಲಿ ಇನ್ನೂರು ಮೀಟರಿನ ಎದೆಯೀಜಿನಲ್ಲಿ ವಿಶ್ವದಾಖಲೆಯನ್ನು ಸ್ಥಾಪಿಸಿದನು. 1943ರಲ್ಲಿ ಅವನನ್ನು ಪಂದ್ಯಗಳಿಂದ ಹೊರಗಿಟ್ಟಾಗ, ತೂಲೂಸಿನ ಜೊತೆಗಾರರು ತಾವೂ ನೀರಿಗಿಳಿಯಲೊಲ್ಲೆವೆಂದರು. ಇಂತಹ ಸ್ನೇಹವು ಆ ಕಾಲದಲ್ಲಿ ಸುಲಭವಾಗಿರಲಿಲ್ಲ.

ಆ ವರ್ಷದ ಕೊನೆಯಲ್ಲಿ ಅವನನ್ನೂ ಮಡದಿ ಪೋಲಳನ್ನೂ ಎರಡು ವರ್ಷದ ಕೂಸು ಆನಿಯನ್ನೂ ಸೆರೆಹಿಡಿದರು. 1944ರ ಜನವರಿಯಲ್ಲಿ ಆಶ್ವಿಟ್ಸಿಗೆ ಸಾಗಿಸಿದರು. ತಾಯಿಯನ್ನೂ ಮಗುವನ್ನೂ ಅಲ್ಲಿ ಕೊಂದರು. ಅವನಿಗೆ ಅದು ತಿಳಿಯದು.

ಶಿಬಿರದಲ್ಲಿ ಬೆಂಕಿ ನಂದಿಸಲು ನೀರು ತುಂಬಿದ ತೊಟ್ಟಿಯೊಂದಿತ್ತು. ಕಾವಲುಗಾರರು ಅದರ ಕೊಳಕು ನೀರಿಗೆ ಕಠಾರಿಯನ್ನೆಸೆದು, ಮುಳುಗಿ ಹಲ್ಲಿನಿಂದ ಕಚ್ಚಿ ತರುವಂತೆ ಅವನಿಗೆ ಆಜ್ಞಾಪಿಸಿ ನಗುತ್ತಿದ್ದರಂತೆ. ಅದೇ ತೊಟ್ಟಿಗೆ ಅವನು ಗುಟ್ಟಾಗಿ, ಗೆಳೆಯರನ್ನು ಕಾವಲಿಟ್ಟು, ತಾನಾಗಿಯೂ ಇಳಿದನು. ಸಿಕ್ಕಿದ್ದರೆ ಸಾವೇ. ಆ ಕೆಲವು ನಿಮಿಷಗಳು ಮಾತ್ರ ಅವನವು.

1945ರ ಏಪ್ರಿಲಿನಲ್ಲಿ ಬುಖೆನ್‌ವಾಲ್ಡ್ ಶಿಬಿರದಿಂದ ಬಿಡುಗಡೆಯಾಯಿತು. ಒಂಟಿಯಾಗಿ, ಎಲುಬಿನ ಹಂದರವಾಗಿ ಹಿಂದಿರುಗಿದನು. ಸತ್ತನೆಂದೇ ಬಗೆದು ತೂಲೂಸಿನವರು ಈಜುಕೊಳಕ್ಕೆ ಅವನ ಹೆಸರಿಟ್ಟಿದ್ದರು! ಮತ್ತೆ ಈಜಿದನು, 1948ರಲ್ಲಿ ಲಂಡನ್ ಒಲಿಂಪಿಕ್ಕಿಗೂ ಹೋದನು. 1983ರಲ್ಲಿ, ಸೆರ್ಬೇರ್ ಎಂಬ ಊರಿನ ಬಳಿ, ಎಂದಿನಂತೆ ಸಮುದ್ರದಲ್ಲಿ ಈಜುತ್ತಿದ್ದಾಗಲೇ ಪ್ರಾಣಬಿಟ್ಟನು.