ಜೇನುಪೆಟ್ಟಿಗೆ ಸರಣಿ, ಭಾಗ 6: ಮೊದಲು ನುಸಿ ಎಣಿಸಿ, ಆಮೇಲೆ ಔಷಧ ಕೇಳಿ

ಹೋದ ಭಾಗದ ಫೋಟೊ ನೋಡಿ ತುಂಬಾ ಜನ ಕೇಳಿದ್ರಿ, ರೆಕ್ಕೆ ಸುರುಟಿಕೊಂಡ ಆ ನೊಣಕ್ಕೆ ಏನಾಗಿದೆ ಅಂತ. ವರೋವಾ ನುಸಿ ಹರಡೋ ವೈರಸ್‌ನಿಂದ ಹಾಗಾಗತ್ತೆ. ಅದರ ಹಿಂದೆನೇ ಇನ್ನೊಂದು ಪ್ರಶ್ನೆ: "ಯಾವ ಔಷಧ ಹಾಕ್ಬೇಕು?" ಇವತ್ತಿನದು ಈ ಎರಡನೇ ಪ್ರಶ್ನೆ ಬಗ್ಗೆ ನನ್ನ ತಕರಾರು. ಪೆಟ್ಟಿಗೆಯಲ್ಲಿ ಎಷ್ಟು ನುಸಿ ಇದೆ ಅಂತ ಯಾರೂ ಕೇಳಲಿಲ್ಲ.

ವರೋವಾ ಅಂದ್ರೆ ಒಂದೂವರೆ ಮಿಲಿಮೀಟರ್ ಅಗಲದ, ಕೆಂಗಂದು ಬಣ್ಣದ, ಪುಟ್ಟ ಏಡಿಯಂಥ ಜೀವಿ. ನಮ್ಮ ಮೈಗೆ ಊಟದ ತಟ್ಟೆಯಷ್ಟು ದೊಡ್ಡ ಉಣ್ಣೆ ಕಚ್ಚಿಕೊಂಡ್ರೆ ಹೇಗೋ, ನೊಣಕ್ಕೆ ಇದು ಹಾಗೆ. ಮರಿಹುಳುವಿನ ಕಣಕ್ಕೆ ನೊಣಗಳು ಮೇಣದ ಮುಚ್ಚಳ ಹಾಕೋ ಸ್ವಲ್ಪ ಮೊದಲು ತಾಯಿ ನುಸಿ ಒಳಗೆ ಸೇರಿಕೊಳ್ಳತ್ತೆ. ಮುಚ್ಚಿದ ಕಣದೊಳಗೇ ಮೊಟ್ಟೆ, ಮರಿ, ಊಟ ಎಲ್ಲ. ಮರಿ ಬೆಳೆಸುವ ಕಾಲದಲ್ಲಿ ಅರ್ಧಕ್ಕಿಂತ ಹೆಚ್ಚು ನುಸಿ ಮುಚ್ಚಳದ ಅಡಿಯಲ್ಲೇ ಇರ್ತವೆ. ಅದಕ್ಕೇ ಚೌಕಟ್ಟು ಎತ್ತಿ ನೋಡಿ "ಏನೂ ಕಾಣ್ತಿಲ್ಲ, ಪೆಟ್ಟಿಗೆ ಕ್ಲೀನ್" ಅನ್ನೋ ಮಾತಿಗೆ ಬೆಲೆ ಇಲ್ಲ. ಕಣ್ಣಿಗೆ ಕಾಣೋಷ್ಟಾಗುವಾಗ ಕುಟುಂಬ ಅರ್ಧ ಹೋಗಿರತ್ತೆ.

ಮಲೆನಾಡಿನ ಗೆಳೆಯರು "ನಮ್ಮಜ್ಜ ಜೇನು ಸಾಕಿದ್ರು, ಈ ನುಸಿ ಹೆಸರೇ ಕೇಳಿಲ್ಲ" ಅಂತಾರೆ. ಸರಿಯೇ, ಅಜ್ಜ ಸಾಕಿದ್ದು ತುಡುವೆ. ಈ ನುಸಿ ಮೂಲತಃ ಏಷ್ಯಾದ ತುಡುವೆಯದ್ದೇ. ಜೊತೆಗೇ ಬೆಳೆದಿದ್ದರಿಂದ ತುಡುವೆಗೆ ಅದರ ಉಪಾಯ ಗೊತ್ತು. ಮೈ ಉಜ್ಜಿ ಕೆಡವತ್ತೆ, ಪೀಡೆ ಹತ್ತಿದ ಮರಿಯನ್ನು ಹೊರಗೆಸೆಯತ್ತೆ. ನುಸಿ ಸಂತಾನ ಬೆಳೆಯೋದು ಹೆಚ್ಚಾಗಿ ಗಂಡುನೊಣದ ಕಣದಲ್ಲಿ ಮಾತ್ರ, ಗಂಡುನೊಣ ವರ್ಷವಿಡೀ ಇರಲ್ಲ. ಯುರೋಪ್ ಮೂಲದ ಮೆಲ್ಲಿಫೆರಾ ಹಾಗಲ್ಲ. ಅದರಲ್ಲಿ ಕೆಲಸಗಾರ ನೊಣದ ಕಣದಲ್ಲೂ ನುಸಿ ಸಲೀಸಾಗಿ ಹುಟ್ಟತ್ತೆ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ದಕ್ಷಿಣದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ನುಂಗಿದ ಮೇಲೆ ಮೆಲ್ಲಿಫೆರಾ ಪೆಟ್ಟಿಗೆಗಳು ನಮ್ಮ ಕಡೆ ಬಂದವು. ಪೆಟ್ಟಿಗೆ ಬಂತು, ಲೆಕ್ಕ ಇಡೋ ರೂಢಿ ಬರಲಿಲ್ಲ. ನಾನು ಹೋದ ಒಂದು ತರಬೇತಿಯಲ್ಲಿ ಮುಖಪರದೆ ಸಿಕ್ತು, ಹೊಗೆಡಬ್ಬಿ ಸಿಕ್ತು, ಸರ್ಟಿಫಿಕೇಟೂ ಸಿಕ್ತು. ನುಸಿ ಎಣಿಸೋದನ್ನ ಮಾತ್ರ ಯಾರೂ ತೋರಿಸಲಿಲ್ಲ.

ಎಣಿಸೋಕೆ ಬೇಕಾಗಿರೋದು ಅಡುಗೆಮನೆ ಸಾಮಾನು ಅಷ್ಟೇ. ಜಾಲರಿ ಮುಚ್ಚಳದ ಒಂದು ಬಾಟಲಿ, ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿದ ಸಕ್ಕರೆ, ಬಿಳಿ ತಟ್ಟೆ. ಮರಿ ಇರೋ ಚೌಕಟ್ಟಿನಿಂದ ಅರ್ಧ ಕಪ್ ನೊಣ ತಗೊಳ್ಳಿ, ಸುಮಾರು 300 ಆಗ್ತವೆ. ರಾಣಿ ಅದರಲ್ಲಿ ಇಲ್ಲ ಅಂತ ಎರಡು ಸಲ ನೋಡಿ! ಎರಡು ಚಮಚ ಸಕ್ಕರೆಪುಡಿ ಹಾಕಿ ನಿಧಾನಕ್ಕೆ ಉರುಳಿಸಿ, ಒಂದೆರಡು ನಿಮಿಷ ಬಿಟ್ಟು ತಟ್ಟೆಗೆ ಜಾಡಿಸಿ. ಸ್ವಲ್ಪ ನೀರು ಚಿಮುಕಿಸಿದ್ರೆ ಸಕ್ಕರೆ ಕರಗಿ ನುಸಿ ಉಳಿಯತ್ತೆ. ನೊಣಗಳನ್ನ ಜೀವಂತ ವಾಪಸ್ ಬಿಡಬಹುದು. ಮಳೆ ದಿನ ಮಾಡಬೇಡಿ, ಸಕ್ಕರೆ ಅಂಟಾಗತ್ತೆ. 300 ನೊಣಕ್ಕೆ 9 ನುಸಿ ಅಂದ್ರೆ ನೂರಕ್ಕೆ 3. ಹಲವು ದೇಶಗಳಲ್ಲಿ ಚಿಕಿತ್ಸೆ ಶುರು ಮಾಡೋ ಗಡಿ ನೂರಕ್ಕೆ 2-3.

ನಮ್ಮಲ್ಲಿ ಇನ್ನೊಂದು ನುಸಿಯೂ ಇದೆ, ಟ್ರೊಪಿಲೇಲಾಪ್ಸ್, ಹೆಜ್ಜೇನಿಂದ ಮೆಲ್ಲಿಫೆರಾಗೆ ಹತ್ತಿದ್ದು. ವರೋವಾಗಿಂತ ಸಣ್ಣದು, ಎರಿ ಮೇಲೆ ಓಡಾಡತ್ತೆ. ನೊಣದ ಮೈ ಮೇಲೆ ಹೆಚ್ಚು ಹೊತ್ತು ಇರಲ್ಲ, ಹಾಗಾಗಿ ಸಕ್ಕರೆ ಪರೀಕ್ಷೆಗೆ ಸರಿಯಾಗಿ ಸಿಗಲ್ಲ. ನೊಣ ಜಾಡಿಸಿದ ಮರಿ ಚೌಕಟ್ಟನ್ನ ಬಿಳಿ ತಟ್ಟೆ ಮೇಲೆ ಜೋರಾಗಿ ಕುಟ್ಟಿ ನೋಡಬೇಕು. ಮರಿ ಇಲ್ಲದಿದ್ರೆ ಇದು ಕೆಲವೇ ದಿನದಲ್ಲಿ ಸಾಯತ್ತೆ. ರಾಣಿಯನ್ನ ಮೂರು ವಾರ ಪಂಜರದಲ್ಲಿಟ್ಟು ಮೊಟ್ಟೆ ನಿಲ್ಲಿಸೋ ವಿಧಾನ ಇಲ್ಲಿ ಚೆನ್ನಾಗಿ ಕೆಲಸ ಮಾಡತ್ತೆ. ಮುಚ್ಚಿದ ಕಣ ಇಲ್ಲದಾಗ ಆಕ್ಸಾಲಿಕ್ ಆಮ್ಲ ವರೋವಾ ಮೇಲೂ ಚೆನ್ನಾಗಿ ನಡೆಯತ್ತೆ, ಯಾಕಂದ್ರೆ ಅದು ಮೇಣದ ಮುಚ್ಚಳ ದಾಟಲ್ಲ. ಫಾರ್ಮಿಕ್ ಆಮ್ಲ ದಾಟತ್ತೆ, ಆದ್ರೆ ಬಿರುಬೇಸಿಗೆಯಲ್ಲಿ ಇಟ್ರೆ ರಾಣಿ, ಮರಿ ಎರಡೂ ಹೋಗಬಹುದು. ಓಮದ ಘಾಟಿಗೆ ಕಾರಣವಾದ ಥೈಮಾಲ್ ಕೂಡ ಬಳಕೆಯಲ್ಲಿದೆ. ಪ್ರಮಾಣ ನಾನು ಬರೆಯಲ್ಲ. ಲೇಬಲ್ ಓದಿ, ಗ್ಲೌಸ್ ಹಾಕಿ, ಗೊತ್ತಿರೋರ ಎದುರಲ್ಲೇ ಮಾಡಿ.

ನನಗೆ ಸಿಟ್ಟು ಬರೋದು ಎಣಿಸದೇ ವರ್ಷವಿಡೀ ಅದೇ ಪಟ್ಟಿಯನ್ನ ಪೆಟ್ಟಿಗೆಯೊಳಗೆ ನೇತುಹಾಕಿಡೋದಕ್ಕೆ. ಫ್ಲುವಾಲಿನೇಟ್‌ಗೆ ಬಗ್ಗದ ನುಸಿ ಯುರೋಪ್, ಅಮೆರಿಕದಲ್ಲಿ 1990ರ ದಶಕದಲ್ಲೇ ಕಾಣಿಸಿಕೊಂಡವು. ಈಗ ಅಮಿಟ್ರಾಜ್‌ಗೂ ಅದೇ ಕಥೆ. ಫ್ಲುವಾಲಿನೇಟ್ ಮೇಣದಲ್ಲಿ ಸೇರಿಕೊಂಡು ಉಳಿಯತ್ತೆ, ಅದೇ ಮೇಣ ಕರಗಿಸಿ ಹಾಳೆ ಮಾಡಿದ್ರೆ ಮುಂದಿನ ಕುಟುಂಬಕ್ಕೂ ಹೋಗತ್ತೆ.

ಇನ್ನೊಂದು ಗುಂಪಿದೆ: "ನ್ಯಾಚುರಲ್ ಆಗಿ ಬಿಟ್ಬಿಡಿ, ಗಟ್ಟಿ ಇದ್ದದ್ದು ಉಳಿಯತ್ತೆ." ತುಡುವೆ ವಿಷಯದಲ್ಲಿ ಈ ಮಾತು ಬಹುಮಟ್ಟಿಗೆ ಒಪ್ತೀನಿ. ಮೆಲ್ಲಿಫೆರಾದಲ್ಲಿ ಒಪ್ಪಲ್ಲ. ಸೊರಗಿದ ಪೆಟ್ಟಿಗೆಯ ತುಪ್ಪ ಕದಿಯೋಕೆ ಪಕ್ಕದ ತೋಟದ ನೊಣ ಬರ್ತವೆ, ಹೋಗುವಾಗ ನುಸಿ ಹೊತ್ಕೊಂಡು ಹೋಗ್ತವೆ. ನಿಮ್ಮ ಪ್ರಯೋಗದ ಬಿಲ್ಲು ಕಟ್ಟೋದು ಸಾಲ ಮಾಡಿ ಇಪ್ಪತ್ತು ಪೆಟ್ಟಿಗೆ ಇಟ್ಟ ಪಕ್ಕದ ಮನೆಯವರು.

ಆಸ್ಟ್ರೇಲಿಯಾ 2022ರ ಜೂನ್‌ವರೆಗೆ ವರೋವಾ ಇಲ್ಲದೆ ಉಳಿದಿತ್ತು. ನ್ಯೂಕ್ಯಾಸಲ್ ಬಂದರಿನಲ್ಲಿ ಸಿಕ್ಕಿದ ಮೇಲೆ ಸಾವಿರಾರು ಪೆಟ್ಟಿಗೆ ನಾಶ ಮಾಡಿದ್ರು. ಆದರೂ ಆಗಲಿಲ್ಲ, 2023ರ ಸೆಪ್ಟೆಂಬರ್‌ನಲ್ಲಿ ನಿರ್ಮೂಲನ ಕೈಬಿಟ್ಟು ನಿರ್ವಹಣೆಗೆ ಬಂದ್ರು. ಅಷ್ಟು ದುಡ್ಡಿರೋ ದೇಶವೂ ಕೊನೆಗೆ ಬಂದು ನಿಂತಿದ್ದು ಪೆಟ್ಟಿಗೆ ಪೆಟ್ಟಿಗೆ ಎಣಿಸೋ ಕೆಲಸಕ್ಕೇ.

ಮೆಲ್ಲಿಫೆರಾ ಇಟ್ಟಿರೋರು ಈ ಭಾನುವಾರ ಒಂದೇ ಪೆಟ್ಟಿಗೆ ಎಣಿಸಿ. ತಾಲ್ಲೂಕು, ತಿಂಗಳು, 300ಕ್ಕೆ ಎಷ್ಟು ಅಂತ ಕಾಮೆಂಟಲ್ಲಿ ಹಾಕಿ. ಸೊನ್ನೆ ಬಂದ್ರೂ ಹಾಕಿ. ಎಲ್ಲರ ಲೆಕ್ಕ ಸೇರಿಸಿ ಭಾಗ 7ರಲ್ಲಿ ಪಟ್ಟಿ ಮಾಡ್ತೀನಿ.